ತೆಂಗಿನ ಮರ ಬಿಡಿಸಬೇಕೇ? ಸುಳಿಯಿಂದ ಶುರು ಮಾಡಿ

ಯಾರ ಕೈಗಾದರೂ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ತೆಂಗಿನ ಮರ ಬಿಡಿಸಿ ಅನ್ನಿ. ಎರಡು ಬಾಗಿದ ಗೆರೆ ಎಳೆಯುತ್ತಾರೆ. ನಡುವೆ ಅಡ್ಡ ಪಟ್ಟಿ ಹಾಕುತ್ತಾರೆ. ತುದಿಯಲ್ಲಿ ಎಡಕ್ಕೆ ಮೂರು, ಬಲಕ್ಕೆ ಮೂರು ಎಲೆ, ಅವುಗಳ ಬುಡದಲ್ಲಿ ಮೂರು ದುಂಡನೆಯ ಕಾಯಿ. ಒಂದು ನಿಮಿಷದಲ್ಲಿ ಮುಗಿಯಿತು. ಕಾರವಾರದಲ್ಲೇ ಹುಟ್ಟಿ, ದಿನಾ ಇದೇ ಮರಗಳ ಕೆಳಗೆ ಓಡಾಡಿದ ನಾನೂ ಬಹಳ ವರ್ಷ ಹಾಗೆಯೇ ಬಿಡಿಸುತ್ತಿದ್ದೆ. ಮರ ಅನ್ನುವುದು ಗೊತ್ತಾಗುತ್ತಿತ್ತು, ಆದರೆ ನಮ್ಮ ಅಂಗಳದ ಮರದ ಹಾಗೆ ಒಂದು ದಿನವೂ ಕಾಣಲಿಲ್ಲ. ಕೈ ಪಳಗಿಲ್ಲ, ಇನ್ನೂ ಜಾಸ್ತಿ ಅಭ್ಯಾಸ ಬೇಕು ಅಂದುಕೊಂಡಿದ್ದೆ.

ಒಂದು ಸಲ ಕೋಡಿಬಾಗದ ನಮ್ಮ ಮನೆಗೆ ಕಾಯಿ ಕೊಯ್ಯಲು ಬಂದ ಹಿರಿಯರೊಬ್ಬರು ಕೆಲಸ ಮುಗಿಸಿ ಚಹಾ ಕುಡಿಯುತ್ತಾ ಜಗುಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನನ್ನ ಚಿತ್ರದ ಪುಸ್ತಕ ಬಿಚ್ಚಿಕೊಂಡೇ ಇತ್ತು. ಅವರು ಲೋಟ ಕೆಳಗಿಟ್ಟು ಪುಸ್ತಕವನ್ನು ಹತ್ತಿರ ಎಳೆದುಕೊಂಡರು. ಸ್ವಲ್ಪ ಹೊತ್ತು ನೋಡಿ, "ಎಂತ ತಂಗಿ, ಈ ಮರಕ್ಕೆ ಸುಳಿಯೇ ಇಲ್ವಲ್ಲ? ಸತ್ತ ಮರ ಬರ್ದಿದ್ಯಾ?" ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳಿದ್ದರು. ದಿನಕ್ಕೆ ಹತ್ತಾರು ಮರ ಹತ್ತುವವರು ಮೊದಲು ನೋಡುವುದೇ ಸುಳಿಯನ್ನು. ನಾನು ಬಿಡಿಸಿದ್ದ ಒಂದು ಮರದಲ್ಲೂ ಅದು ಇರಲಿಲ್ಲ.

ಆ ಮಾತಿನ ಮೇಲೆ ನಾನು ಬಿಡಿಸುವ ಕ್ರಮವನ್ನೇ ಬದಲಾಯಿಸಿದೆ. ತೆಂಗಿನ ಮರ ಹೇಗೆ ಬೆಳೆಯುತ್ತದೆ ಅನ್ನುವುದು ತಿಳಿದರೆ ಪೆನ್ಸಿಲ್ ಎಲ್ಲಿಗೆ ಹೋಗಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮಾವಿನ ಮರವನ್ನು ನೆನಪಿಸಿಕೊಳ್ಳಿ. ಅದಕ್ಕೆ ಕೊಂಬೆ, ಕೊಂಬೆಗೆ ಟೊಂಗೆ, ಪ್ರತಿ ಟೊಂಗೆಯ ತುದಿಯಲ್ಲೂ ಒಂದು ಚಿಗುರು. ಒಂದು ಕಡೆ ಕಡಿದರೆ ಇನ್ನೊಂದು ಕಡೆ ಒಡೆಯುತ್ತದೆ. ತೊಗಟೆಯ ಕೆಳಗೆ ತೆಳ್ಳನೆಯ ಜೀವಂತ ಪದರವೊಂದಿದೆ, ಅದರಿಂದಾಗಿ ಕಾಂಡ ವರ್ಷ ವರ್ಷವೂ ದಪ್ಪವಾಗುತ್ತಾ ಹೋಗುತ್ತದೆ. ತೆಂಗಿನ ಕತೆ ಬೇರೆ. ಅದು ಹುಲ್ಲು, ಬಿದಿರು, ಬಾಳೆ ಇರುವ ಏಕದಳ ಗುಂಪಿಗೆ ಸೇರಿದ್ದು. ಕೊಂಬೆಯಿಲ್ಲ. ಕಾಂಡವನ್ನು ದಪ್ಪ ಮಾಡುವ ಆ ಪದರವೂ ಇಲ್ಲ. ಬೆಳೆಯುವ ಜಾಗ ಇಡೀ ಮರಕ್ಕೆ ಒಂದೇ, ನೆತ್ತಿಯ ಮೇಲಿನ ಸುಳಿ. ಎಲೆ, ಹೂ, ಕಾಯಿ, ಕಾಂಡ ಎಲ್ಲವೂ ಅಲ್ಲಿಂದಲೇ ಬರಬೇಕು. ಸುಳಿ ಕೊಳೆತರೆ ಮರ ಹೋಯಿತು, ಪಕ್ಕದಿಂದ ಚಿಗುರುವುದಿಲ್ಲ. ಹಿರಿಯರು ಹೇಳಿದ್ದು ಅದನ್ನೇ.

ಹಾಗಾಗಿ ನಾನು ಈಗ ಹಾಳೆಯ ಮೇಲೆ ಮೊದಲು ಹಾಕುವ ಗೆರೆ ಕಾಂಡದ್ದಲ್ಲ, ಸುಳಿಯದ್ದು. ಸುಳಿಯ ನಡುವಿನಿಂದ ಇನ್ನೂ ಬಿಚ್ಚಿಕೊಳ್ಳದ ಎಳೆ ಮಡಲೊಂದು (ದಂಟು, ಗರಿ ಎಲ್ಲ ಸೇರಿದ ಇಡೀ ಎಲೆ) ಭರ್ಜಿಯ ಹಾಗೆ ನೆಟ್ಟಗೆ ಮೇಲಕ್ಕೆ ನಿಂತಿರುತ್ತದೆ. ಬಣ್ಣ ತಿಳಿ ಹಳದಿ. ದೂರದಿಂದ ನೋಡಿದರೆ ಒಂದು ಕಡ್ಡಿ ಚುಚ್ಚಿಟ್ಟ ಹಾಗೆ. ಇದೊಂದು ಗೆರೆ ಬಿದ್ದ ಕೂಡಲೇ ಮರಕ್ಕೆ ಜೀವ ಬರುತ್ತದೆ. ಈ ಗೆರೆಯ ಬುಡವೇ ಉಳಿದ ಎಲ್ಲ ಮಡಲುಗಳ ಬುಡವೂ ಹೌದು.

ಸುಳಿಯಿಂದ ಹೆಚ್ಚುಕಡಿಮೆ ತಿಂಗಳಿಗೊಂದು ಮಡಲು ಹೊರಬರುತ್ತದೆ. ಚೆನ್ನಾಗಿ ಬೆಳೆದ ಎತ್ತರದ ತಳಿಯ ಮರದ ತಲೆಯಲ್ಲಿ ಒಂದು ಹೊತ್ತಿಗೆ 30ರಿಂದ 35 ಮಡಲು ಇರುತ್ತವೆ. ಬಿಚ್ಚಿಕೊಂಡ ಮಡಲು ಎರಡೂವರೆ ಮೂರು ವರ್ಷ ಮರದ ಮೇಲೆ ಉಳಿದು, ಆಮೇಲೆ ಒಣಗಿ ಬೀಳುತ್ತದೆ. ಅಂದರೆ ನೀವು ನೋಡುತ್ತಿರುವ ತಲೆಯಲ್ಲಿ ಹೋದ ತಿಂಗಳ ಮಡಲೂ ಇದೆ, ಮೂರು ವರ್ಷ ಹಳೆಯದೂ ಇದೆ. ಅವು ಬೇಕಾಬಿಟ್ಟಿ ಹರಡಿಕೊಂಡಿಲ್ಲ. ವಯಸ್ಸಿನ ಸಾಲಿನಲ್ಲಿ ನಿಂತಿವೆ. ಎಳೆಯದು ನೆಟ್ಟಗೆ. ಅದರ ನಂತರದವು ಸ್ವಲ್ಪ ಹೊರಕ್ಕೆ ಒರಗಿ, ತುದಿ ಮಾತ್ರ ಬಾಗಿಸಿಕೊಂಡಿರುತ್ತವೆ. ನಡುವಯಸ್ಸಿನವು ಅಡ್ಡಡ್ಡ ಚಾಚಿರುತ್ತವೆ, ಇವೇ ಎಲ್ಲಕ್ಕಿಂತ ಅಗಲಕ್ಕೆ ಹೋಗುವವು. ಹಳೆಯವು ಕೆಳಕ್ಕೆ ಇಳಿದು ಕಾಂಡಕ್ಕೆ ತಾಗುವಷ್ಟು ಜೋತಿರುತ್ತವೆ. ಎಲ್ಲಕ್ಕಿಂತ ಕೆಳಗೆ ಕಂದುಬಣ್ಣದ ಒಂದೋ ಎರಡೋ ಒಣ ಮಡಲು, ಇವತ್ತೋ ನಾಳೆಯೋ ಬೀಳಲು ಕಾದಿರುತ್ತವೆ.

ಸುಮ್ನೆ ಎಲೆ ಬಿಡಿಸಬೇಡಿ, ಮೇಲಿನಿಂದ ಕೆಳಕ್ಕೆ ವಯಸ್ಸಿನ ಕ್ರಮದಲ್ಲಿ ಬಿಡಿಸಿ ಅಂತ ನಾನು ಅಕ್ಕನ ಮಗಳಿಗೆ ಹೇಳಿಕೊಡುವುದು ಇದಕ್ಕೇ. ಅವಳಿಗೆ ಹತ್ತು ವರ್ಷ. "ಇದು ಪಾಪು, ಇದು ಅಕ್ಕ, ಇದು ಆಯಿ, ಇದು ಅಜ್ಜಿ" ಅಂತ ಹೇಳಿಕೊಳ್ಳುತ್ತಲೇ ಗೆರೆ ಹಾಕುತ್ತಾಳೆ. ಅವಳ ಮರದ ತಲೆ ಚೆಂಡಿನ ಹಾಗೆ ದುಂಡಗೆ ತುಂಬಿಕೊಳ್ಳುತ್ತದೆ. ತಲೆಯ ಕೆಳಭಾಗ ಬಿಟ್ಟು ಬರೀ ಮೇಲ್ಭಾಗ ಬಿಡಿಸಿದರೆ ಛತ್ರಿಯಾಗುತ್ತದೆ, ತೆಂಗಾಗುವುದಿಲ್ಲ.

ಇನ್ನು ಸುತ್ತು. ಒಂದು ಮಡಲು ಬಂದ ಕಡೆಯೇ ಮುಂದಿನದು ಬರುವುದಿಲ್ಲ. ಸುಮಾರು 140 ಡಿಗ್ರಿ ತಿರುಗಿ ಬರುತ್ತದೆ. ಮರದ ನೆತ್ತಿಯನ್ನು ಗಡಿಯಾರ ಅಂದುಕೊಳ್ಳಿ. ಒಂದು ಮಡಲು 12ರ ಕಡೆಗೆ ಬಂದರೆ ಮುಂದಿನದು 5ರ ಹತ್ತಿರ, ಅದರ ಮುಂದಿನದು 9 ದಾಟಿ, ಆಮೇಲಿನದು 2ರ ಕಡೆ. ಹೀಗೆ ಸುತ್ತುತ್ತಾ ಹೋಗುವುದರಿಂದ ಒಂದರ ನೆರಳು ಇನ್ನೊಂದರ ಮೇಲೆ ನೇರ ಬೀಳುವುದಿಲ್ಲ, ಎಲ್ಲದಕ್ಕೂ ಬಿಸಿಲು ಸಿಗುತ್ತದೆ. ಕೆಲವು ಮರಗಳಲ್ಲಿ ಈ ಸುತ್ತು ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಎಡ ಬಲ ಸರಿಸಮನಾಗಿ ಮೂರು ಮೂರು ಎಲೆ ಹಾಕಿದ ಚಿತ್ರ ಯಾಕೆ ಸುಳ್ಳು ಅನಿಸುತ್ತದೆ ಅನ್ನುವುದಕ್ಕೆ ಇದೇ ಕಾರಣ. ಮರದಲ್ಲಿ ಜೋಡಿಯಾಗಿ ಎದುರುಬದುರು ಬರುವ ಮಡಲೇ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ಸದಾಶಿವಗಡದ ಗುಡ್ಡ ಹತ್ತಿ. ಕಾಳಿ ನದಿಯ ಆಚೆ ದಡದಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಇದೆ. ಮೇಲೆ ನಿಂತು ಕೆಳಗಿನ ತೆಂಗಿನ ತಲೆಗಳನ್ನು ನೋಡಿದರೆ ಒಂದೊಂದೂ ನಕ್ಷತ್ರದ ಹಾಗೆ ಕಾಣುತ್ತದೆ. ಕೆಳಗಿನಿಂದ ನೋಡುವಾಗ ಗಜಿಬಿಜಿ ಅನಿಸುವುದು ಮೇಲಿನಿಂದ ಎಷ್ಟು ಅಚ್ಚುಕಟ್ಟು ಅಂತ ಆಗ ಗೊತ್ತಾಗುತ್ತದೆ. ನಾನು ಅಲ್ಲಿ ಕೂತು ಬರೀ ನಕ್ಷತ್ರಗಳನ್ನೇ ಒಂದು ಇಡೀ ಸಂಜೆ ಬಿಡಿಸಿದ್ದೇನೆ. ಮರುದಿನ ಕೆಳಗೆ ನಿಂತು ಬಿಡಿಸುವಾಗ ಹಿಂದಿನ ಮಡಲುಗಳು ಎಲ್ಲಿಗೆ ಹೋಗುತ್ತವೆ ಅನ್ನುವ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗಿತ್ತು.

ಈಗ ಒಂದೇ ಮಡಲನ್ನು ಹತ್ತಿರದಿಂದ ನೋಡೋಣ. ಇದಕ್ಕೆ ಮರ ಹತ್ತಬೇಕಾಗಿಲ್ಲ. ಕರಾವಳಿಯಲ್ಲಿ ಯಾವ ಅಂಗಳಕ್ಕೆ ಹೋದರೂ ಒಂದು ಬಿದ್ದ ಮಡಲು ಇರುತ್ತದೆ. ಅದರ ಪಕ್ಕ ನೆಲದ ಮೇಲೆ ಕೂತುಕೊಳ್ಳಿ.

ಮೊದಲು ಕಣ್ಣಿಗೆ ಬೀಳುವುದು ಉದ್ದ. ಐದು ಮೀಟರ್ ಆಸುಪಾಸು, ಮೂವರು ಉದ್ದಕ್ಕೆ ಮಲಗಿದಷ್ಟು. ಬುಡ ದಪ್ಪವಾಗಿ, ಅಗಲವಾಗಿ, ಕಾಂಡವನ್ನು ಅಪ್ಪಿಕೊಳ್ಳುವ ಹಾಗಿದೆ. ಅದಕ್ಕೆ ಗೋಣಿಯಂಥ ಕಂದು ನಾರಿನ ಜಾಲರಿ ಅಂಟಿಕೊಂಡಿರುತ್ತದೆ. ಬುಡದಿಂದ ಒಂದು ಮೀಟರಿನಷ್ಟು ದೂರ ಗರಿಯೇ ಇಲ್ಲ, ಬರೀ ದಂಟು. ಹೊಸಬರು ಗರಿಯನ್ನು ಬುಡದಿಂದಲೇ ಶುರು ಮಾಡುತ್ತಾರೆ. ಹಾಗೆ ಮಾಡಿದರೆ ತಲೆಯ ನಡುಭಾಗ ಕಪ್ಪು ಮುದ್ದೆಯಾಗುತ್ತದೆ. ದಂಟನ್ನು ಬರಿದಾಗಿ ಬಿಡಿ, ಅಲ್ಲಿಂದ ಆಕಾಶ ಕಾಣಲಿ.

ದಂಟು ಬುಡದಲ್ಲಿ ಗಟ್ಟಿ, ತುದಿಗೆ ಹೋದಂತೆ ಬಳುಕು. ಆದ್ದರಿಂದ ಮಡಲು ಬಾಳೆಹಣ್ಣಿನಂತೆ ಒಂದೇ ಸಮ ಬಾಗುವುದಿಲ್ಲ. ಮೊದಲ ಮೂರನೇ ಒಂದು ಭಾಗ ಹೆಚ್ಚುಕಡಿಮೆ ನೇರ. ಆಮೇಲೆ ನಿಧಾನಕ್ಕೆ ಬಾಗಿ, ತುದಿಯಲ್ಲಿ ಜೋತು ಬೀಳುತ್ತದೆ. ಮೀನಿಗೆ ಗಾಳ ಹಾಕುವವರ ಬಿದಿರು ಕೋಲು ಮೀನು ಕಚ್ಚಿದಾಗ ಹೇಗೆ ಬಾಗುತ್ತದೆ ನೋಡಿ, ಹಾಗೆ. ಕೈಯನ್ನು ಮೊದಲು ಗಟ್ಟಿಯಾಗಿ ಎಳೆದು, ಅರ್ಧ ದಾಟಿದ ಮೇಲೆ ಸಡಿಲ ಬಿಟ್ಟರೆ ಗೆರೆ ತಾನೇ ಹಾಗೆ ಬರುತ್ತದೆ. ಹತ್ತು ಸಲ ಬರೀ ಈ ಒಂದು ಗೆರೆ ಎಳೆದು ನೋಡಿ. ಗರಿ ಆಮೇಲೆ.

ಗರಿಗಳನ್ನು ನಾನೊಮ್ಮೆ ಎಣಿಸಿದ್ದೆ. ಒಂದು ಬದಿಗೆ 113 ಬಂತು. ಎರಡೂ ಬದಿ ಸೇರಿ ಒಂದು ಮಡಲಿಗೆ 200ರಿಂದ 250 ಗರಿ ಇರುವುದು ಸಾಮಾನ್ಯ. ಅಷ್ಟನ್ನೂ ಬಿಡಿಸುವ ಹಟಕ್ಕೆ ಹೋಗಬೇಡಿ. ಆದರೆ ಮೂರು ವಿಷಯ ನೋಡಿಕೊಳ್ಳಿ. ನಡುಭಾಗದ ಗರಿಗಳು ಉದ್ದ, ತುದಿಯ ಕಡೆ ಚಿಕ್ಕದಾಗುತ್ತಾ ಹೋಗುತ್ತವೆ, ಬುಡದ ಕಡೆಯವೂ ಸ್ವಲ್ಪ ಗಿಡ್ಡ. ಗರಿ ದಂಟಿನಿಂದ ನೇರ ಅಡ್ಡಕ್ಕೆ ಹೊರಡುವುದಿಲ್ಲ, ತುದಿಯ ಕಡೆ ಮುಖ ಮಾಡಿ ಓರೆಯಾಗಿ ಹೊರಡುತ್ತದೆ. ತುದಿಗೆ ಹತ್ತಿರವಾದಷ್ಟೂ ಈ ಓರೆ ಜಾಸ್ತಿ. ಬಾಚಣಿಗೆಯ ಹಲ್ಲಿನ ಹಾಗೆ ಎಲ್ಲವನ್ನೂ ಅಡ್ಡಕ್ಕೆ ಹಾಕಿದರೆ ಮೀನಿನ ಮುಳ್ಳು ಆಗಿಬಿಡುತ್ತದೆ.

ಮೂರನೆಯದು ನನಗೆ ತುಂಬಾ ಇಷ್ಟ. ಒಂದು ಗರಿಯನ್ನು ಕಿತ್ತು, ದಂಟಿಗೆ ಅಂಟಿದ್ದ ಕಡೆಯಿಂದ ನೋಡಿ. ಅದು ಚಪ್ಪಟೆಯಾಗಿಲ್ಲ. ನಮ್ಮ ಹಂಚಿನ ಮಾಡಿನ ಹಾಗೆ ನಡುವೆ ಎತ್ತರ, ಎರಡು ಬದಿಗೆ ಇಳಿಜಾರು. ನಡುವೆ ಓಡುವ ಗಟ್ಟಿ ಎಳೆಯೇ ನಾವು ಪೊರಕೆ ಕಟ್ಟುವ ಕಡ್ಡಿ. ಮಾಡಿನ ಆಕಾರ ಇರುವುದರಿಂದಲೇ ಅಷ್ಟು ತೆಳ್ಳನೆಯ ಗರಿ ಅಷ್ಟು ಉದ್ದಕ್ಕೆ ಚಾಚಿ ನಿಲ್ಲುತ್ತದೆ. ಹಾಳೆಯೊಂದನ್ನು ನಡುವೆ ಮಡಿಸಿ ಹಿಡಿದರೆ ಬಾಗದೆ ನಿಲ್ಲುತ್ತದೆ ಅಲ್ವಾ, ಅದೇ ಉಪಾಯ. ಈಚಲು ಮರದ ಗರಿ ಇದಕ್ಕೆ ತಿರುಗಾಮುರುಗಾ, ಅದು ದೋಣಿಯ ಹಾಗೆ ಮೇಲಕ್ಕೆ ಮಡಿಸಿರುತ್ತದೆ. ಚಿತ್ರಕ್ಕೆ ಇದರಿಂದ ಏನು ಲಾಭ ಅಂದರೆ, ಬಿಸಿಲಿನಲ್ಲಿ ತೆಂಗಿನ ಗರಿಯ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿ ಕಪ್ಪಾಗಿರುತ್ತದೆ. ಪ್ರತಿ ಗರಿಗೂ ಒಂದು ತೆಳು ಗೆರೆ, ಒಂದು ದಪ್ಪ ಗೆರೆ ಒತ್ತೊತ್ತಾಗಿ ಹಾಕಿ ನೋಡಿ. ಮಡಲು ಹಾಳೆಯಿಂದ ಎದ್ದು ಬರುತ್ತದೆ.

ಮಡಲು ಅಡ್ಡಕ್ಕೆ ಚಾಚಿದಾಗ ಗರಿಗಳು ತಮ್ಮ ಭಾರಕ್ಕೆ ಎರಡೂ ಬದಿಯಿಂದ ಕೆಳಕ್ಕೆ ಇಳಿಬೀಳುತ್ತವೆ. ಮಡಲನ್ನು ಪಕ್ಕದಿಂದ ನೋಡುತ್ತಿದ್ದರೆ ಮುಂದಿನ ಸಾಲಿನ ಗರಿಗಳೇ ಪರದೆಯ ಹಾಗೆ ಕಾಣುತ್ತವೆ, ಹಿಂದಿನ ಸಾಲು ಅದರ ಮರೆಯಲ್ಲಿರುತ್ತದೆ. ದಂಟಿನ ಮೇಲೆ ಬರೀ ಆಕಾಶ. ದಂಟಿನ ಎರಡೂ ಕಡೆ ಒಂದೇ ಉದ್ದದ ಗರಿ ಹಾಕಬೇಕಾದ್ದು ಮಡಲಿನ ಅಗಲ ನಿಮಗೆ ಪೂರ್ತಿ ಕಾಣುವಾಗ ಮಾತ್ರ. ನಿಮ್ಮ ಕಡೆಗೇ ಮುಖ ಮಾಡಿ ಬರುವ ಮಡಲು ಎಲ್ಲಕ್ಕಿಂತ ಕಷ್ಟದ್ದು. ಐದು ಮೀಟರಿನದ್ದು ಗೇಣುದ್ದಕ್ಕೆ ಕುಗ್ಗಿದ ಹಾಗೆ ಕಾಣುತ್ತದೆ. ಮನಸ್ಸು "ಅದು ಉದ್ದ ಇದೆ" ಅನ್ನುತ್ತದೆ, ಕಣ್ಣು "ಗಿಡ್ಡ" ಅನ್ನುತ್ತದೆ. ಕಣ್ಣಿನ ಮಾತು ಕೇಳಿ. ಗಿಡ್ಡ ದಂಟು ಹಾಕಿ, ಅದರಿಂದ ಎರಡು ಕಡೆಗೆ ಮೀಸೆಯ ಹಾಗೆ ಗರಿ ಇಳಿಸಿ. ನನಗೆ ಇದು ಹಿಡಿತಕ್ಕೆ ಬರಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ನಿಮಗೂ ಹೊತ್ತು ಹಿಡಿದರೆ ಬೇಸರ ಮಾಡಿಕೊಳ್ಳಬೇಡಿ.

ಕೆಲವು ಮಡಲುಗಳಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ಗರಿಗಳು ಓರೆಯಾಗಿ ತುಂಡಾಗಿರುವುದನ್ನು ನೋಡಿರುತ್ತೀರಿ. ಅದು ಕುರುವಾಯಿ ದುಂಬಿಯ ಕೆಲಸ, ಮೂತಿಯ ಮೇಲೆ ಕೊಂಬಿರುವ ಕಪ್ಪು ದುಂಬಿ. ಮಡಲು ಇನ್ನೂ ಸುಳಿಯಲ್ಲಿ ಮಡಿಚಿಕೊಂಡಿರುವಾಗಲೇ ಅದು ಒಂದು ತೂತು ಕೊರೆದಿರುತ್ತದೆ. ಬಿಚ್ಚಿಕೊಂಡಾಗ ಎರಡೂ ಬದಿಗೆ ಒಂದೇ ನಮೂನೆಯ ಕತ್ತರಿ ಗುರುತು. ಚಿಕ್ಕಂದಿನಲ್ಲಿ ಕಾಗದ ಮಡಿಸಿ ಕತ್ತರಿಸಿ ತೋರಣ ಮಾಡುತ್ತಿದ್ದೆವಲ್ಲ, ಹಾಗೆಯೇ. ನಮ್ಮ ಅಂಗಳದ ಮರದಲ್ಲಿ ಅಂಥವು ಎರಡಿವೆ. ಬಿಡಿಸುವಾಗ ಅವನ್ನು ನಾನು ಬಿಡುವುದಿಲ್ಲ.

ಕಾಂಡಕ್ಕೆ ಬರೋಣ. ಎಲ್ಲರೂ ಮಾಡುವ ತಪ್ಪು ದಪ್ಪದ್ದು. 16 ಮೀಟರ್ ಎತ್ತರದ ಮರದ ಕಾಂಡ ಅಗಲದಲ್ಲಿ ಸುಮಾರು 30 ಸೆಂ.ಮೀ. ಅಂದರೆ ಎತ್ತರದ 50ನೇ ಒಂದು ಭಾಗದಷ್ಟೂ ಬರುವುದಿಲ್ಲ. ಹಾಳೆಯ ಮೇಲೆ ನಿಮ್ಮ ಕಾಂಡ 20 ಸೆಂ.ಮೀ. ಉದ್ದ ಇದ್ದರೆ ದಪ್ಪ 4 ಮಿ.ಮೀ. ಸಾಕು. ಅದೇ ಅಳತೆಗೆ ಒಂದೊಂದು ಮಡಲು 6 ಸೆಂ.ಮೀ. ಆಗುತ್ತದೆ. ನಾನು ಮೊದಲು ಬಿಡಿಸಿದ ಮರಗಳನ್ನು ಸ್ಕೇಲ್ ಇಟ್ಟು ಅಳೆದರೆ ಕಾಂಡ 2 ಸೆಂ.ಮೀ. ಇತ್ತು! ಕೈ ಚಾಚಿ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಮಡಲಿನ ಉದ್ದ ಕಾಂಡದಲ್ಲಿ ಎಷ್ಟು ಸಲ ಕೂರುತ್ತದೆ ಅಂತ ನೋಡಿ. ಎತ್ತರದ ಮರದಲ್ಲಿ ಮೂರು ಸಲಕ್ಕಿಂತ ಸ್ವಲ್ಪ ಜಾಸ್ತಿ ಕೂರುತ್ತದೆ. ಈ ಒಂದು ಅಳತೆ ಸರಿಯಾದರೆ ಮುಕ್ಕಾಲು ಚಿತ್ರ ಸರಿಯಾದ ಹಾಗೆ.

ಕಾಂಡ ದಪ್ಪವಾಗುತ್ತಾ ಹೋಗುವುದಿಲ್ಲ ಅಂದೆನಲ್ಲ. ಸುಳಿ ಯಾವ ಅಗಲದಲ್ಲಿ ಕಟ್ಟಿಟ್ಟು ಮೇಲೆ ಹೋಯಿತೋ ಆ ಅಗಲವೇ ಕೊನೆಯವರೆಗೆ. ಹಾಗಾಗಿ ಬುಡದ ಉಬ್ಬು ದಾಟಿದ ಮೇಲೆ ಕಾಂಡ ತುದಿಯವರೆಗೂ ಹೆಚ್ಚುಕಡಿಮೆ ಒಂದೇ ಸಮ. ಮಾವಿನ ಮರದ ಹಾಗೆ ಮೇಲೆ ಹೋದಂತೆ ಚೂಪಾಗಿಸಬೇಡಿ. ಎಲ್ಲೋ ಒಂದು ಕಡೆ ಕಾಂಡ ಸೊರಗಿ ಸಣ್ಣಗಾಗಿದ್ದರೆ, ಆ ಹೊತ್ತಿನಲ್ಲಿ ಮರಕ್ಕೆ ನೀರೋ ಗೊಬ್ಬರವೋ ಸಾಲದೆ ಹೋಗಿತ್ತು ಅಂತ ಅರ್ಥ. ಮುಂದೆ ಎಷ್ಟೇ ಚೆನ್ನಾಗಿ ಬೆಳೆದರೂ ಆ ಸೊರಗು ತುಂಬಿಕೊಳ್ಳುವುದಿಲ್ಲ.

ಬಾಗು ಯಾಕೆ ಬರುತ್ತದೆ? ತೆಂಗಿಗೆ ಬಿಸಿಲು ಬೇಕು. ದಡದ ಮೊದಲ ಸಾಲಿನ ಮರಕ್ಕೆ ಹಿಂದೆ ತೋಟದ ನೆರಳು, ಮುಂದೆ ಬಯಲಾದ ಸಮುದ್ರ. ಎಳೆ ಸಸಿ ಬೆಳಕಿನ ಕಡೆ ವಾಲುತ್ತದೆ. ಕೆಲವು ಕಡೆ ಅಲೆ ಬಂದು ಬುಡದ ಮರಳು ಕೊಚ್ಚಿ, ಮರ ಇನ್ನಷ್ಟು ವಾಲುತ್ತದೆ. ಆದರೆ ಸುಳಿಗೆ ಮೇಲಕ್ಕೆ ಹೋಗುವ ಬುದ್ಧಿ ಇದ್ದೇ ಇರುತ್ತದೆ. ವಾಲಿದ ಮೇಲೂ ಹೊಸ ಕಾಂಡವನ್ನು ಮೇಲ್ಮುಖವಾಗಿಯೇ ಕಟ್ಟುತ್ತದೆ. ಹಳೆಯ ಕಾಂಡ ಗಟ್ಟಿಯಾಗಿದೆ, ಅದು ಮರಳಿ ನೆಟ್ಟಗಾಗದು. ಆದ್ದರಿಂದ ಬಾಗು ಬುಡದ ಕಡೆ ಜಾಸ್ತಿ, ಮೇಲೆ ಹೋದಂತೆ ನೇರ. ಪೋಸ್ಟರುಗಳಲ್ಲಿ ಬಿಲ್ಲಿನ ಹಾಗೆ ಬಾಗಿ ತಲೆ ಕೆಳಗೆ ಹಾಕಿದ ಮರ ನೋಡುತ್ತೇವೆ. ಅದು ಬೀಳುತ್ತಿರುವ ಮರ. ನಿಮ್ಮ ಗೆರೆ ಎಷ್ಟೇ ವಾಲಿಕೊಂಡು ಹೊರಡಲಿ, ಕೊನೆಗೆ ಆಕಾಶದ ಕಡೆ ತಿರುಗಿಸಿ.

ಕಾಂಡದ ಮೇಲಿನ ಪಟ್ಟಿಗಳು ಅಲಂಕಾರಕ್ಕೆ ಇರುವುದಲ್ಲ. ಒಂದೊಂದೂ ಬಿದ್ದ ಮಡಲಿನ ಗಾಯದ ಗುರುತು. ವರ್ಷಕ್ಕೆ ಹೆಚ್ಚುಕಡಿಮೆ 12 ಗುರುತು ಬೀಳುವುದರಿಂದ ಎಣಿಸಿದರೆ ಮರದ ವಯಸ್ಸನ್ನು ಅಂದಾಜು ಮಾಡಬಹುದು. ಕಾಂಡ ಕಾಣಿಸಿಕೊಳ್ಳುವ ಮೊದಲಿನ ಮೂರ್ನಾಲ್ಕು ವರ್ಷ ಅದಕ್ಕೆ ಸೇರಿಸಬೇಕು. ಮರ ಹುರುಪಿನಿಂದ ಬೆಳೆದ ಕಾಲದ ಗುರುತುಗಳ ನಡುವೆ ಅಂತರ ಜಾಸ್ತಿ. ಮುದಿಯಾದ ಮೇಲೆ ಒತ್ತೊತ್ತು. ಚಿತ್ರದಲ್ಲಿ ಏಣಿಯ ಮೆಟ್ಟಿಲ ಹಾಗೆ ಒಂದೇ ಅಂತರದಲ್ಲಿ ಹಾಕಿದರೆ ಮರಕ್ಕೆ ವಯಸ್ಸೇ ಇರುವುದಿಲ್ಲ. ಬುಡದಲ್ಲಿ ಬಿಡಿ ಬಿಡಿಯಾಗಿ, ಮೇಲೆ ಹತ್ತಿರ ಹತ್ತಿರ ಹಾಕಿ. ಎಲ್ಲವನ್ನೂ ಪೂರ್ತಿ ಎಳೆಯಬೇಡಿ. ಕೆಲವು ಅರ್ಧಕ್ಕೆ ನಿಲ್ಲಲಿ.

ಪಟ್ಟಿಯ ಬಾಗು ಯಾವ ಕಡೆ ಅನ್ನುವುದಕ್ಕೆ ಕೈಯ ಬಳೆಯೇ ಗುರು. ಒಂದು ಬಳೆಯನ್ನು ಮಲಗಿಸಿದ ಹಾಗೆ ಹಿಡಿದು ಕಣ್ಣಿನ ಮಟ್ಟಕ್ಕೆ ತನ್ನಿ, ಬರೀ ಒಂದು ಗೆರೆ ಕಾಣುತ್ತದೆ. ಮೇಲಕ್ಕೆ ಎತ್ತಿದರೆ ನಿಮ್ಮ ಕಡೆಯ ಅಂಚು ಕಮಾನಿನ ಹಾಗೆ ಮೇಲೆ ಉಬ್ಬುತ್ತದೆ. ಕೆಳಕ್ಕೆ ಇಳಿಸಿದರೆ ಅದೇ ಅಂಚು ತೊಟ್ಟಿಲಿನ ಹಾಗೆ ಕೆಳಗೆ ಇಳಿಯುತ್ತದೆ. ಮರದ ಹತ್ತಿರ ನಿಂತಾಗ ನಿಮ್ಮ ಕಣ್ಣಿನ ಮಟ್ಟ ಬುಡದಿಂದ ಒಂದೂವರೆ ಮೀಟರಿನಲ್ಲಿ. ಅದಕ್ಕಿಂತ ಮೇಲಿನ ಪಟ್ಟಿಗಳೆಲ್ಲ ಕಮಾನು, ಮೇಲೆ ಹೋದಷ್ಟೂ ಕಮಾನು ಜಾಸ್ತಿ. ಇದೊಂದು ಸರಿ ಮಾಡಿದರೆ ಕತ್ತೆತ್ತಿ ನೋಡಿದ ಅನುಭವ ಹಾಳೆಗೆ ಬರುತ್ತದೆ. ಹತ್ತಲು ಕಡಿದ ಕಚ್ಚುಗಳಿದ್ದರೆ ಅವನ್ನೂ ಹಾಕಿ. ಮಳೆಗಾಲದಲ್ಲಾದರೆ ಬುಡದಲ್ಲಿ ಹಸಿರು ಪಾಚಿ, ಅಲ್ಲಲ್ಲಿ ಬಿಳಿ ಮಚ್ಚೆ.

ಕಾಯಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಕಾಯಿ ಕಾಂಡದಿಂದ ನೇರ ಜೋತುಬೀಳುವುದಿಲ್ಲ. ಪ್ರತಿ ಮಡಲಿನ ಬುಡದ ಸಂದಿಯಿಂದ ಒಂದು ಹೊಂಬಾಳೆ ಹೊರಡುತ್ತದೆ, ಅದೇ ಗೊನೆಯಾಗುತ್ತದೆ. ಹೂವಿನಿಂದ ಬಲಿತ ಕಾಯಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಹಾಗಾಗಿ ಮೇಲಿನ ಸಂದಿಯಲ್ಲಿ ಹೂ, ಅದರ ಕೆಳಗೆ ಮಿಡಿ, ಇನ್ನೂ ಕೆಳಗೆ ಎಳನೀರು, ಎಲ್ಲಕ್ಕಿಂತ ಕೆಳಗೆ ಬಲಿತ ಕಾಯಿ. ಇಲ್ಲಿಯೂ ಅದೇ ವಯಸ್ಸಿನ ಸಾಲು. ಭಾರದ ಗೊನೆ ಕೆಳಗಿನ ಮಡಲಿನ ದಂಟಿನ ಮೇಲೆ ಒರಗಿ ಕೂತಿರುತ್ತದೆ. ಕಾಯಿ ಪೂರ್ತಿ ದುಂಡಗಿಲ್ಲ, ಮೂರು ಏಣು ಇರುವ ಉದ್ದನೆಯ ಮೊಟ್ಟೆ. ಕಂದು ಬಣ್ಣ ತುಂಬಬೇಡಿ. ಮರದ ಮೇಲೆ ಅದು ಹಸಿರೋ ಹಳದಿಯೋ ಕೆಂದೋ ಇರುತ್ತದೆ. ಮೂರು ಕಣ್ಣು ಕಾಣುವುದು ಸಿಪ್ಪೆ ಸುಲಿದ ಮೇಲೆ.

ಶಿರಸಿ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ತೋಟದ ಅಡಿಕೆ ಮರಕ್ಕೆ ಈ ಲೆಕ್ಕ ಹಾಗೇ ಹಾಕಬೇಡಿ. ಎರಡೂ ಒಂದೇ ಕುಟುಂಬದವು, ಆದರೆ ಮೈಕಟ್ಟು ಬೇರೆ. ಅಡಿಕೆಯ ಕಾಂಡ ಒಂದು ಗೇಣು ಅಗಲವೂ ಇರುವುದಿಲ್ಲ. ಒತ್ತಾಗಿ ನೆಟ್ಟ ತೋಟದಲ್ಲಿ ಬೆಳಕಿಗಾಗಿ ಎಲ್ಲವೂ ಮೇಲಕ್ಕೇ ಓಡುವುದರಿಂದ ಕಾಂಡ ನೂಲು ಹಿಡಿದ ಹಾಗೆ ನೇರ. ಅಡಿಕೆಯ ಹಾಳೆ, ಅಂದರೆ ಎಲೆಯ ಅಗಲವಾದ ಬುಡ, ಕಾಂಡವನ್ನು ಕೊಳವೆಯ ಹಾಗೆ ಪೂರ್ತಿ ಸುತ್ತಿರುತ್ತದೆ. ಹಾಗಾಗಿ ತಲೆಯ ಕೆಳಗೆ ನುಣುಪಾದ ಹಸಿರು ಕುತ್ತಿಗೆಯೊಂದು ಕಾಣುತ್ತದೆ, ತೆಂಗಿಗೆ ಅದು ಇಲ್ಲ. ಹಾಳೆ ಬಿದ್ದಾಗ ಉಳಿಯುವ ಗುರುತೂ ಪೂರ್ತಿ ಉಂಗುರ. ಆದ್ದರಿಂದ ಅಡಿಕೆಗೆ ಉಂಗುರವನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಎಳೆಯಿರಿ. ತಲೆಯಲ್ಲಿ ಎಲೆ ಹತ್ತರ ಆಸುಪಾಸು ಮಾತ್ರ, ತೆಂಗಿನ ಹಾಗೆ ಕೆಳಕ್ಕೆ ಜೋಲುವ ಹಳೆಯ ಎಲೆಗಳ ರಾಶಿ ಇಲ್ಲ. ಅಡಿಕೆಯ ಗೊನೆ ಬರುವುದು ಎಲೆಗಳ ನಡುವೆ ಅಲ್ಲ, ಹಸಿರು ಕುತ್ತಿಗೆಯ ಕೆಳಗೆ. ಹಾಳೆ ಬಿದ್ದ ಮೇಲೆಯೇ ಹಿಂಗಾರ (ಅಡಿಕೆಯ ಹೂಗೊಂಚಲು) ಬಿಚ್ಚಿಕೊಳ್ಳುತ್ತದಲ್ಲ, ಅದಕ್ಕೆ. ಮಳೆಗಾಲದ ಚಿತ್ರವಾದರೆ ಕೊಳೆರೋಗ ಬಾರದಿರಲಿ ಎಂದು ಗೊನೆಗೆ ಹೊದಿಸಿ ಕಟ್ಟಿದ ಕೊಟ್ಟೆಯೂ ಕಾಣಬೇಕು. ಒಂದೆರಡು ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದರೆ ಅದು ಶಿರಸಿಯ ತೋಟವೇ. ಬೈನೆ ಮರದ ಎಲೆಯಂತೂ ಮೀನಿನ ಬಾಲದ ಹಾಗೆ ಹರಿದಿರುತ್ತದೆ, ಅದಕ್ಕೆ ಬೇರೆಯೇ ಒಂದು ಪಾಠ ಬೇಕು.

ಈ ವಯಸ್ಸಿನಲ್ಲಿ ಇದೆಲ್ಲ ಕಲಿಯಲು ಆದೀತೇ ಅಂತ ಕೆಲವರು ಕೇಳುತ್ತಾರೆ. ನಮ್ಮ ಊರಿನ ಕಡಲ ದಂಡೆಗೆ ಟಾಗೋರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥರು ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದು ಉಳಿದಿದ್ದರು. ಆಗ ಅವರು ಬರೆದದ್ದು ಅಕ್ಷರ. ಚಿತ್ರಕ್ಕೆ ಮನಸ್ಸಿಟ್ಟು ಕೂತದ್ದು ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆದಾಗ ಅವರಿಗೆ 69 ವರ್ಷ ತುಂಬುವುದರಲ್ಲಿತ್ತು.

ಗಾಳಿ ಕೊನೆಗೆ ಉಳಿದ ಮಾತು. ಮಧ್ಯಾಹ್ನದಿಂದ ಸಂಜೆಯವರೆಗೆ ಕಡಲಿನಿಂದ ನೆಲದ ಕಡೆ ಗಾಳಿ ಬೀಸುತ್ತದೆ. ಆಗ ಕಡಲ ಕಡೆಯ ಮಡಲುಗಳು ಬೆನ್ನು ಬಾಗಿಸಿ ಒಳಕ್ಕೆ ಮಡಚಿಕೊಳ್ಳುತ್ತವೆ, ನೆಲದ ಕಡೆಯವು ಉದ್ದಕ್ಕೆ ಚಾಚಿಕೊಳ್ಳುತ್ತವೆ. ಗರಿಗಳೆಲ್ಲ ಒಂದೇ ಕಡೆಗೆ ಬಾಚಿದ ಕೂದಲಿನ ಹಾಗೆ. ಮೊದಲು ಗಾಳಿಯ ದಿಕ್ಕಿಗೆ ಹಾಳೆಯ ಮೂಲೆಯಲ್ಲಿ ಒಂದು ಬಾಣದ ಗುರುತು ಹಾಕಿಕೊಳ್ಳಿ. ಪ್ರತಿ ಗರಿ ಎಳೆಯುವಾಗಲೂ ಅದರ ಮೇಲೆ ಒಂದು ಕಣ್ಣಿರಲಿ. ಗಟ್ಟಿ ದಂಟು ಗಾಳಿಗೆ ಅಷ್ಟಾಗಿ ಬಗ್ಗುವುದಿಲ್ಲ, ಬದಲಾಗುವುದು ತುದಿ ಮತ್ತು ಗರಿ.

ಮೊದಲ ಸಲ ಕೂರುವವರು ಸಂಜೆ ಟಾಗೋರ್ ಕಡಲತೀರಕ್ಕೆ ಹೋಗಿ, ಮರದ ನೆಲದ ಕಡೆ ನಿಂತು ಸಮುದ್ರದತ್ತ ಮುಖ ಮಾಡಿ. ಪಕ್ಕದಲ್ಲಿ ಗಾಳಿ ಮರಗಳಿವೆ, ಅವನ್ನು ಬಿಟ್ಟು ಒಂದೇ ಒಂದು ತೆಂಗನ್ನು ಆರಿಸಿಕೊಳ್ಳಿ. ಸೂರ್ಯ ಅದರ ಹಿಂದೆ ಇಳಿಯುವಾಗ ಬಣ್ಣ, ಹೊಳಪು, ಪಾಚಿ ಎಲ್ಲ ಮಾಯವಾಗಿ ಮರ ಬರೀ ಕಪ್ಪು ಆಕಾರವಾಗುತ್ತದೆ. ಮೆತ್ತಗೆ, ಕಪ್ಪಾಗಿ ಬರುವ 4ಬಿ ಪೆನ್ಸಿಲ್ ಒಂದಿದ್ದರೆ ಸಾಕು. ಭರ್ಜಿಯ ಗೆರೆ ಹಾಕಿ, ವಯಸ್ಸಿನ ಸಾಲಿನಲ್ಲಿ ದಂಟುಗಳನ್ನು ಎಳೆಯಿರಿ, ಕಾಂಡ ತೆಳ್ಳಗಿರಲಿ. ಆಮೇಲೆ ಗರಿಗಳನ್ನು ನೋಡುವುದು ಬಿಟ್ಟು, ಗರಿಗಳ ಸಂದಿನಲ್ಲಿ ಸಿಕ್ಕಿಕೊಂಡ ಕೆಂಪು ಆಕಾಶದ ಚೂರುಗಳನ್ನು ನೋಡಿ. ಆ ಚೂರುಗಳನ್ನು ಬಿಳಿಯಾಗಿ ಬಿಟ್ಟು ಉಳಿದದ್ದನ್ನು ಕಪ್ಪು ಮಾಡುತ್ತಾ ಹೋಗಿ. ಸೂರ್ಯ ಮುಳುಗಿದ ಮೇಲೂ ಹತ್ತಿಪ್ಪತ್ತು ನಿಮಿಷ ಬೆಳಕು ಇರುತ್ತದೆ. ಒಂದು ಮರಕ್ಕೆ ಅಷ್ಟು ಹೊತ್ತು ಸಾಕು.